ಮೇಷ್ಟ್ರ ಹಗಲು ಲಾಟೀನು

ಉರಿಬಿಸಿಲಲ್ಲಿ ಉರಿಯುವ ಲಾಟೀನು ಹಿಡಿದು ನಡೆಯುವ ಮನುಷ್ಯನನ್ನು ಕಂಡಿದ್ದೀರಾ? ನಿಟ್ಟೂರಿನ ಶೇಷಪ್ಪ ಮೇಷ್ಟ್ರು ಹಾಗಿದ್ದರು. ನಿವೃತ್ತರಾದ ಮೇಲೆ, ನಾನೂ ನನ್ನ ತಮ್ಮ ಗಣಪನೂ ಪಂಪ್ ರಿಪೇರಿಗೆ ಯಾರ ಬಾವಿಗೆ ಹೋದರೂ ಅವರು ಹಾಜರು. ಹಗ್ಗ ಕಟ್ಟಿ ಮೊದಲು ಲಾಟೀನು ಇಳಿಸಬೇಕು. ದೀಪ ಆರದಿದ್ದರೆ ಆಮೇಲೆ ಮನುಷ್ಯ.

ಅದು ಇಳಿಯುವಷ್ಟು ಹೊತ್ತೂ ಪಾಠ. "ಭೂಮಿ ಎಳೇದಿದ್ದಾಗ ಇಡೀ ಲೋಕ ಈ ಬಾವಿ ತಳದ ಹಾಗೇ ಇತ್ತು ಮಾರಾಯ. ಜ್ವಾಲಾಮುಖಿ ಉಗುಳಿದ್ದೇ ಗಾಳಿ. ಹಬೆ, ಇಂಗಾಲದ ಗಾಳಿ, ಸಾರಜನಕ, ಗಂಧಕದ ಹೊಗೆ. ಹಬೆ ಮಳೆಯಾಗಿ ಸುರಿದು ಸಮುದ್ರ ಆಯ್ತು. ದೀಪ ಉರಿಸೋ ಗಾಳಿ ಮಾತ್ರ ಇರ್ಲಿಲ್ಲ. ಅದನ್ನ ಕೋಟಿಗಟ್ಟಲೆ ವರ್ಷ ಕೂತು ಮಾಡಿದ್ದು ಪಾಚಿಯಂಥ ಜೀವ." ಬಾವಿ ಗೋಡೆಯ ಪಾಚಿ ತೋರಿಸಿ, "ಇದರ ಅಜ್ಜಿಗೆ ಕೈ ಮುಗಿ" ಎನ್ನುವರು.

ನಾನೋ, ಕೊತ್ತಂಬರಿ ಕಟ್ಟನ್ನೂ ಚೌಕಾಸಿ ಮಾಡದೆ ಕೊಂಡವನಲ್ಲ.

"ಮೇಷ್ಟ್ರೇ, ನಾಲ್ಕು ಬಾವಿಗೊಂದ್ಸಲ ಇಳಿಸಿದ್ರೆ ಸಾಲದಾ?"

"ಉಸಿರಿನ ಹತ್ರ ಚೌಕಾಸಿ ನಡೆಯಲ್ಲ ಕಣೋ."

ಒಂದು ಬೇಸಿಗೆ. ಹೊಸನಗರದ ಹತ್ತಿರ, ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಬಾವಿ. ಹತ್ತರ ಬಸ್ಸಿಗೆ ಬರುತ್ತೇನೆಂದಿದ್ದರು ಮೇಷ್ಟ್ರು. ಬಸ್ಸು ತಡವಾಯಿತು. ಸಂಜೆಯೊಳಗೆ ಇನ್ನೆರಡು ಕಡೆ ಕೆಲಸ.

"ಇಳೀಲಾ ಅಣ್ಣ?" ಎಂದ ಗಣಪ.

ಇಳಿ ಎಂದೆ. ನನ್ನ ಬಾಯಿಂದಲೇ.

ತಳ ಮುಟ್ಟಿದವನು ತಲೆಯೆತ್ತಿ ಏನೋ ಹೇಳಲು ಹೋಗಿ ಹಾಗೇ ಗೋಡೆಗೊರಗಿ ಕುಸಿದ. ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ. ನಾನು ಕಟ್ಟೆ ಹತ್ತಿದೆ. ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದರು. ಆಗಷ್ಟೇ ಬಸ್ಸಿಳಿದು ಬಂದ ಮೇಷ್ಟ್ರು. ಬಿಡಿ ಎಂದು ಕೂಗಿದೆ, ಆ ಮುದಿಗೈಯನ್ನು ಕಚ್ಚಿದೆ. ಬಿಡಲಿಲ್ಲ.

"ಒಬ್ಬ ಹೋಗಿದಾನೆ. ನಿಮ್ಮವ್ವಂಗೆ ಇನ್ನೊಬ್ಬನಾದ್ರೂ ಬೇಡ್ವನೋ!"

ಲಾಟೀನು ಇಳಿಸಿದರು. ಅರ್ಧದಲ್ಲೇ ಆರಿತು. ಸೊಪ್ಪಿನ ಕೊಂಬೆ ಕಡಿಸಿ, ಹಗ್ಗಕ್ಕೆ ಕಟ್ಟಿ, ಒಳಗೆ ಗಾಳಿಯಾಡಲೆಂದು ಮೇಲೆ ಕೆಳಗೆ ಆಡಿಸಿದರು. ಕೊಡಗಟ್ಟಲೆ ನೀರು ಸುರಿಸಿದರು. ಮತ್ತೆ ಇಳಿಸಿದರೆ ಮತ್ತೆ ಆರಿತು. ಗಣಪಾ, ಗಣಪಾ ಎಂದು ನಾನು ಕೂಗುತ್ತಲೇ ಇದ್ದೆ. ಮೂರನೇ ಸಲ ದೀಪ ತಳ ಮುಟ್ಟಿ ಉರಿಯಿತು. ನನ್ನ ಸೊಂಟಕ್ಕೆ ಹಗ್ಗ ಬಿಗಿದು ಕಳಿಸಿದರು. ತಮ್ಮನನ್ನು ಹೊತ್ತು ತಂದೆ. ಉಸಿರಿರಲಿಲ್ಲ.

"ನಾನು ಹೇಳಿರ್ಲಿಲ್ವ" ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಹೋದ ವರ್ಷ ಸಾಗರದ ನನ್ನ ಅಂಗಡಿಗೆ ಬಂದು ಮೇಜಿನ ಮೇಲೆ ಲಾಟೀನು ಇಟ್ಟರು. ಕೈಮೇಲೆ ನನ್ನ ಹಲ್ಲಿನ ಗುರುತು ಹಾಗೇ ಇತ್ತು.

"ಕಣ್ಣು ಮಂಜಾಗಿದೆ ಕಣೋ. ದೀಪ ಆರಿದ್ದು ಕಾಣಲ್ಲ. ಇನ್ನು ನೀನೇ ನೋಡು."

ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು.

ಮುಚ್ಚಿದ ಬಾವಿ ತೆಗೆಯುವವರು ನನಗೆ ಹೇಳಿ ಕಳಿಸಿ. ಎಷ್ಟೇ ಅವಸರವಿರಲಿ, ಲಾಟೀನು ಹಿಡಿದು ನಾನು ಬರುವ ತನಕ ಕಾಯಿರಿ.