ಮಂಜುಗಡ್ಡೆಯ ಮೇಲೆ ನಾನು ಬರೆದ ಸಾಲು

ಗಾಯಗೊಂಡವರು ಮನೋಳಿಯ ಪಂಪ್‌ಸೆಟ್ ಮೆಕ್ಯಾನಿಕ್. ಅವರ ಬಲಗೈಯ ಮೂರು ಬೆರಳುಗಳಿಗೆ ಈಗ ಸ್ಪರ್ಶವಿಲ್ಲ. ತಂಡದ ಮುಖ್ಯಸ್ಥರಿಗೆ ಏನೂ ಆಗಲಿಲ್ಲ. ದಾಖಲೆ ಬರೆಯುತ್ತಿದ್ದ ನನಗೂ ಆಗಲಿಲ್ಲ.

ಉತ್ತರ ಧ್ರುವದ ಕಡಲಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ನಮ್ಮ ಸಂಶೋಧನಾ ಸಂಸ್ಥೆಯ ಶಿಬಿರವಿತ್ತು. ಗಡ್ಡೆಯನ್ನು ಕೊರೆದು, ಹಗ್ಗಕ್ಕೆ ಕಟ್ಟಿದ ಉಪಕರಣವನ್ನು ಆಳಕ್ಕಿಳಿಸಿ, ನೀರಿನ ಉಪ್ಪು ಮತ್ತು ಉಷ್ಣತೆ ಅಳೆಯುವುದು ಕೆಲಸ. ಯಂತ್ರಗಳನ್ನು ಆ ಮೆಕ್ಯಾನಿಕ್ ನೋಡಿಕೊಳ್ಳುತ್ತಿದ್ದರು. ದೊಡವಾಡದವಳಾದ ನಾನು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆ.

ಮೊದಲ ರಂಧ್ರದಲ್ಲಿ ನೀರು ಉಕ್ಕಿದಾಗ ಅವರು ಬಲಗೈಯ ಗ್ಲೌಸ್ ಕಳಚಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಊರಲ್ಲಿ ಬೋರಿಗೆ ನೀರು ಬಿದ್ದ ದಿನ ಎಲ್ಲರೂ ಹಾಗೆಯೇ ಮಾಡುತ್ತಾರೆ.

“ಹೊಸಾ ನೀರ ಬಂದಾಗ ಗ್ಲೌಸ್ ಹಾಕ್ಕೊಂಡ ಮುಟ್ಟತಾರೇನ್ರಿ, ಅಕ್ಕಾರ?” ಎಂದರು. ನಾಲಗೆಗೆ ತಾಗಿಸಿ ಮುಖ ಕಿವುಚಿದರು. “ಹೊಲಕ್ಕ ಬರೂದಿಲ್ಲ ಬಿಡ್ರಿ.”

ಒದ್ದೆ ಕೈ ತೂರಿಸಿ ಗ್ಲೌಸೂ ಒಳಗೆ ಒದ್ದೆಯಾಯಿತು; ಒಣ ಗ್ಲೌಸ್ ಕೇಳಿದರು. ಅವು ಹಡಗಿನಲ್ಲಿವೆ, ನಾಳೆ ನೋಡೋಣವೆಂದರು ಮುಖ್ಯಸ್ಥರು. ಅಷ್ಟರಲ್ಲಿ ಹಗ್ಗ ಎಳೆಯುವ ಮೋಟಾರು ಕೆಟ್ಟಿತು. ಗಡ್ಡೆ ಸರಿಯುತ್ತಿದೆ, ಈ ಜಾಗ ಮತ್ತೆ ಸಿಗದು, ಕೈಯಿಂದಲೇ ಎಳೆಯಿರಿ ಎಂಬ ಆಜ್ಞೆಯಾಯಿತು. ಮೆಕ್ಯಾನಿಕ್ ಎರಡು ತಾಸು ಎಳೆದರು. ಬೆರಳು ಜುಮ್ಮೆನ್ನುತ್ತಿವೆ ಎಂದು ಒಮ್ಮೆ ಹೇಳಿದರು, ಆಮೇಲೆ ಹೇಳಲಿಲ್ಲ. ನೋವು ಹೋಗಿರಬೇಕೆಂದುಕೊಂಡು ನಾನು ಅಂಕಿ ಬರೆಯುತ್ತಲೇ ಇದ್ದೆ.

ಸಂಜೆ ಗ್ಲೌಸ್ ಕಳಚಿದಾಗ ಅವರ ಮೂರು ಬೆರಳುಗಳು ಚಳಿಗೆ ಮರಗಟ್ಟಿ ಬೆಳ್ಳಗಾಗಿದ್ದವು. ಮುಖ್ಯಸ್ಥರು ಹೇಳಿದಂತೆ ಶಿಬಿರದ ದಿನಚರಿಯಲ್ಲಿ ಬರೆದೆ: “ಮೂಢನಂಬಿಕೆಯಿಂದ ಗ್ಲೌಸ್ ತೆಗೆದದ್ದೇ ಗಾಯಕ್ಕೆ ಕಾರಣ.” ಶಾಲೆಯ ಚರ್ಚಾಕೂಟಗಳಲ್ಲಿ ಆ ಪದವನ್ನು ಎಷ್ಟೋ ಸಲ ಬಳಸಿದ್ದೆ; ಅಂದೂ ಕೈ ತಡೆಯಲಿಲ್ಲ. ಆ ಸಾಲನ್ನೇ ತೋರಿಸಿ, ತಪ್ಪು ಅವರದೇ ಎಂದು ಸಂಸ್ಥೆ ಅವರ ಚಿಕಿತ್ಸೆಯ ಹೊಣೆ ನಿರಾಕರಿಸಿತು.

ಹೋದ ತಿಂಗಳು ಮನೋಳಿಯ ಅವರ ಅಂಗಡಿಗೆ ಹೋಗಿದ್ದೆ. ಪಂಪು ಬಿಚ್ಚಿಕೊಂಡು ಕುಳಿತಿದ್ದರು. ನಟ್ ಜಾರಿ ಬಿತ್ತು. ಅವರ ಬೆರಳುಗಳು ಇನ್ನೂ ಅದನ್ನು ಹಿಡಿದಂತೆಯೇ ಇದ್ದವು.

“ಹಿಡದೇನೋ ಬಿಟ್ಟೇನೋ ತಿಳಿಯೂದಿಲ್ರಿ. ಕಣ್ಣಿಟ್ಟ ನೋಡಬೇಕು.”

ಎತ್ತಿ ಅವರ ಎಡಗೈಗೆ ಕೊಟ್ಟೆ. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

ಸಂಸ್ಥೆಯ ನಿರ್ದೇಶಕರೇ, ಆ ಸಾಲನ್ನು ಹೊಡೆದುಹಾಕಿ. ಮೋಟಾರು ಕೆಟ್ಟಿತ್ತು, ಒಣ ಗ್ಲೌಸ್ ಕೊಡಲಿಲ್ಲ, ಬೆರಳು ಜುಮ್ಮೆನ್ನುತ್ತಿವೆ ಎಂದ ಮೇಲೂ ಕೆಲಸ ನಿಲ್ಲಿಸಲಿಲ್ಲ ಎಂದು ಬರೆಯಿರಿ. ಇದು ಕೆಲಸದಲ್ಲಾದ ಗಾಯವೆಂದು ಒಪ್ಪಿ, ಅವರ ಕೈಯ ಚಿಕಿತ್ಸೆಯನ್ನು ವಹಿಸಿಕೊಳ್ಳಿ. ಮೊದಲಿನ ಸಾಲು ಬರೆದವಳು ನಾನು. ತಿದ್ದುಪಡಿಯ ಕೆಳಗೂ ನನ್ನ ಸಹಿಯನ್ನೇ ಪಡೆಯಿರಿ.