ಪಿತೃಪಕ್ಷದಲ್ಲಿ ತಪ್ಪಿದ ವೋಟು

ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದರೂ ಸೌದಾಮಿನಿ ಫೋನು ಕೆಳಗಿಡಲಿಲ್ಲ. ಆ ಕಡೆ ಮಾತಾಡುತ್ತಿದ್ದವಳು ಅವಳ ವಕೀಲೆ.

ಮೈಸೂರಿನಿಂದ ಬಂದು ಅಮೆರಿಕದ ನೆವಾರ್ಕಿನಲ್ಲಿ ನೆಲೆಸಿದ ಸೌದಾಮಿನಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ರಕ್ತಪರೀಕ್ಷೆ ಮಾಡುತ್ತಿದ್ದಳು. ಅವಳೇ ಕೈಹಿಡಿದು ಕೆಲಸ ಕಲಿಸಿದ ಮೂವರು ಬಿಳಿಯರು ಒಬ್ಬರಾದ ಮೇಲೊಬ್ಬರು ಅವಳಿಗೇ ಸೂಪರ್‌ವೈಸರಾಗಿ ಕೂತರು. ಅವಳು ಬಡ್ತಿ ಕೇಳಿದರೆ, ನಿನ್ನ ಇಂಗ್ಲಿಷು ಡಾಕ್ಟರುಗಳಿಗೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಅವಳು ಬರೆದ ರಿಪೋರ್ಟು ಓದಿಯೇ ಔಷಧಿ ಕೊಟ್ಟ ಡಾಕ್ಟರುಗಳಿಗೆ! ರೋಸಿಹೋಗಿ ನಾಲ್ವರು ಫಿಲಿಪೀನ್ಸ್ ಹೆಂಗಸರ ಜೊತೆ ಸೇರಿ ದಾವೆ ಹೂಡಿದ್ದಳು. ಕೆಳಗಿನ ಕೆಲಸದಲ್ಲೆಲ್ಲ ಏಷ್ಯಾದವರು, ಮೇಲಿನದರಲ್ಲೆಲ್ಲ ಬಿಳಿಯರು. ಆ ಅಂಕಿಅಂಶವೇ ಅವರ ಮುಖ್ಯ ಸಾಕ್ಷಿಯಾಗಿತ್ತು.

ಅದು 1989ರ ಜೂನ್. ಅಲಾಸ್ಕಾದ ಮೀನಿನ ಕಾರ್ಖಾನೆಯ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬರೀ ಅಂಥ ಅಂಕಿಅಂಶ ತೋರಿಸಿದರೆ ಸಾಲದು ಎಂದುಬಿಟ್ಟಿತ್ತು. ಜಡ್ಜುಗಳಲ್ಲಿ ಐದು ಜನ ಆ ಕಡೆ, ನಾಲ್ವರು ಈ ಕಡೆ. ಇನ್ನು ನಮ್ಮ ದಾವೆ ನಿಲ್ಲುವುದು ಕಷ್ಟ ಎಂದಳು ವಕೀಲೆ. ಆ ಐವರಲ್ಲಿ ಇಬ್ಬರು, ಎಂಬತ್ತನಾಲ್ಕರಲ್ಲಿ ಎರಡನೆಯ ಸಲ ಗೆದ್ದ ಅಧ್ಯಕ್ಷರು ಆಮೇಲೆ ನೇಮಿಸಿದವರು ಎಂದೂ ಹೇಳಿದಳು.

ಎಂಬತ್ತನಾಲ್ಕು ಎಂದು ಕೇಳಿದ್ದೇ ಸೌದಾಮಿನಿಗೆ ಮೈಯೆಲ್ಲ ಉರಿಯಿತು. ಆ ವರ್ಷದ ಸೆಪ್ಟೆಂಬರಿನಲ್ಲೇ ಗಂಡಹೆಂಡಿರಿಬ್ಬರಿಗೂ ಪೌರತ್ವದ ಪ್ರಮಾಣವಚನಕ್ಕೆ ಕರೆ ಬಂದಿತ್ತು. ಕಂಪ್ಯೂಟರಿಗೆ ಬುದ್ಧಿ ಹೇಳುವ ಎಂಜಿನಿಯರು ಗಂಡ ರಾಮನಾಥ ಪಂಚಾಂಗ ಬಿಚ್ಚಿ ಕೂತ. ಪಿತೃಪಕ್ಷ, ಶುಭಕಾರ್ಯ ಕೂಡದು ಎಂದ. ಪ್ರಮಾಣವಚನವೇನು ಮದುವೆಯೇ, ಮುಂಜಿಯೇ? ಆದರೂ ಬೇರೆ ದಿನ ಕೊಡಿ ಎಂದು ಕಾಗದ ಬರೆದ. ಕೊಟ್ಟರು, ಡಿಸೆಂಬರಿನಲ್ಲಿ. ಅಧ್ಯಕ್ಷರ ಚುನಾವಣೆ ನವೆಂಬರಿನಲ್ಲೇ ಮುಗಿದುಹೋಗಿತ್ತು; ಪ್ರಮಾಣವಚನವಾಗದವರಿಗೆ ವೋಟಿರಲಿಲ್ಲ. ಆ ಕಾಗದವನ್ನು ತುಟಿಪಿಟಕ್ಕೆನ್ನದೆ ಅಂಚೆಗೆ ಹಾಕಿದವಳು ತಾನೇ ಎಂಬುದು ಅವಳಿಗೆ ಇನ್ನೂ ದೊಡ್ಡ ಸಂಕಟ.

ಫೋನು ಕುಕ್ಕಿ ಹಾಲಿಗೆ ಬಂದಳು. "ಕೇಸು ಹೋಯ್ತು ರೀ. ನಿಮ್ಮ ಪಿತೃಪಕ್ಷಕ್ಕೆ ಸಮಾಧಾನ ಆಯ್ತಾ?"

ರಾಮನಾಥ ಪೇಪರು ಮಡಿಸಿದ. "ನಿನ್ನೊಂದು ವೋಟಿಂದ ಏನೇ ಆಗ್ತಿತ್ತು? ಆತ ನಲವತ್ತೊಂಬತ್ತು ಸ್ಟೇಟು ಗೆದ್ದ."

"ಏನೂ ಆಗ್ತಿರ್ಲಿಲ್ಲ. ಸೋಲೋದಾಗಿದ್ರೆ ನಾನೇ ಹೋಗಿ ವೋಟು ಹಾಕಿ ಸೋಲ್ತಿದ್ದೆ. ನನ್ನನ್ನ ಮನೇಲೇ ಕೂರಿಸಿ ಯಾಕ್ರೀ ಸೋಲಿಸಿದ್ರಿ?"

"ಆಯ್ತು, ತಪ್ಪಾಯ್ತು. ಎಲೆಕ್ಷನ್ನು ಮತ್ತೆ ಬರತ್ತೆ ಬಿಡು."

"ಎಲೆಕ್ಷನ್ನು ಬರತ್ತೆ, ಪ್ರೆಸಿಡೆಂಟೂ ಹೋಗ್ತಾನೆ. ಅವನು ಕೂರಿಸಿದ ಜಡ್ಜುಗಳು ಹೋಗಲ್ಲ ರೀ. ಬದುಕಿರೋವರೆಗೂ ಅಲ್ಲೇ ಕೂರಬಹುದು. ಆ ಇಬ್ಬರಿಗೂ ಇನ್ನೂ ಐವತ್ತೆರಡೋ, ಐವತ್ಮೂರೋ." ಹೊಗೆ ಹೋಗಲೆಂದು ಅವಳು ಕಿಟಕಿ ತೆರೆದಳು. "ನಂಗೆ ಐವತ್ತೆಂಟು. ನನ್ನ ಸರ್ವಿಸು ಮುಗಿಯೋದ್ರೊಳಗೆ ಅವರು ಏಳಲ್ಲ."