ಊರುಂಟು, ದೇಶವಿಲ್ಲ

1986ರಲ್ಲಿ ನಾನು ಒಮಾನಿನ ಸೀಬ್ ವಿಮಾನ ನಿಲ್ದಾಣದಲ್ಲಿ ಒಂದು ವಿದೇಶಿ ವಿಮಾನ ಸಂಸ್ಥೆಯ ಡ್ಯೂಟಿ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ವಿಮಾನ ಹೊತ್ತಿಗೆ ಸರಿಯಾಗಿ ಬಂದು ಹೋದರೆ ನಮ್ಮ ಮುಖವನ್ನು ಯಾರೂ ನೋಡುವುದಿಲ್ಲ. ತಡವಾದರೆ ಬೈಸಿಕೊಳ್ಳಲು ಒಬ್ಬರು ಬೇಕು, ಆ ಒಬ್ಬರು ನಾನು. ಶಿರ್ವದಿಂದ ಮದುವೆಯಾಗಿ ಸೀಬ್‌ಗೆ ಬಂದವಳು; ಗಂಡ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಆ ಕೆಲಸದಲ್ಲಿ ತಿಂದ ಬೈಗುಳಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಮರೆಯದೆ ಉಳಿದ ಪ್ರಕರಣ ಇದೊಂದು. ಸಂಸ್ಥೆಯ ಹೆಸರನ್ನೂ ಆ ಪ್ರಯಾಣಿಕರ ದೇಶದ ಹೆಸರನ್ನೂ ಬಿಟ್ಟಿದ್ದೇನೆ. ಅದು ನಮ್ಮ ವೃತ್ತಿಯ ಅಭ್ಯಾಸ.

ಸಿಂಗಾಪುರದಿಂದ ಲಂಡನ್‌ಗೆ ಹೋಗುವ ನಮ್ಮ ವಿಮಾನ ಇಂಧನ ತುಂಬಿಸಿಕೊಳ್ಳಲು ಸೀಬ್‌ನಲ್ಲಿ ಇಳಿಯುತ್ತಿತ್ತು. ಆ ದಿನ ಮಧ್ಯಾಹ್ನ ಇಳಿದದ್ದು ಮತ್ತೆ ಏಳಲಿಲ್ಲ. ಹೈಡ್ರಾಲಿಕ್ ಪಂಪ್ ಸೋರುತ್ತಿತ್ತು. ಬಿಡಿಭಾಗ ಲಂಡನ್‌ನಿಂದ ಬರಬೇಕು, ಅದಕ್ಕೆ ಎರಡು ದಿನ. ಇಂಥ ಹೊತ್ತಿನಲ್ಲಿ ಪ್ರಯಾಣಿಕರನ್ನೆಲ್ಲ ಹೋಟೆಲಿಗೆ ಕಳುಹಿಸುವುದು ಕ್ರಮ. ಪಾಸ್‌ಪೋರ್ಟ್‌ಗಳು ಇಮಿಗ್ರೇಷನ್ ಕೌಂಟರಿನಲ್ಲಿ ಉಳಿಯುತ್ತವೆ, ಪ್ರಯಾಣಿಕರ ಕೈಗೆ ಒಂದು ಚೀಟಿ ಸಿಗುತ್ತದೆ, ಅಷ್ಟು ದಿನಕ್ಕೆ ವಿಮಾನ ಸಂಸ್ಥೆಯೇ ಅವರ ಕಫೀಲ್. ಕಫೀಲ್ ಎಂದರೆ ಜಾಮೀನುದಾರ. ಗಲ್ಫಿನಲ್ಲಿ ಕಫೀಲ್ ಇಲ್ಲದೆ ಹೊರಗಿನವರು ಒಂದು ಹೆಜ್ಜೆ ಇಡುವಂತಿಲ್ಲ. ನನಗೂ ಇದ್ದರು, ನನ್ನ ಗಂಡನಿಗೂ ಇದ್ದರು.

ಬಸ್ಸುಗಳು ಒಂದೊಂದಾಗಿ ಹೊರಟವು. ಕೊನೆಯ ಬಸ್ಸು ಹೋಗುವಾಗ ನನ್ನ ಸಹಾಯಕ ಸುಧಾಕರ ಓಡಿ ಬಂದ. ಕಾಪುವಿನ ಕಡೆಯವನು, ಯಾವ ಕಷ್ಟವನ್ನೂ ನಗುತ್ತಲೇ ವರದಿ ಮಾಡುವವನು.

"ಮೇಡಂ, ಒಂದು ಅಜ್ಜಿ ಬಾಕಿ ಉಂಟು. ಅವರಿಗೆ ದೇಶವೇ ಇಲ್ಲ ಮಾರಾಯ್ರೇ!"

ಹೋಗಿ ನೋಡಿದೆ. ಎಪ್ಪತ್ತರ ಆಸುಪಾಸಿನ ಚೀನೀ ಮಹಿಳೆ, ಹೂವಿನ ಬ್ಲೌಸು, ಮಡಿಲಲ್ಲಿ ಬಿದಿರಿನ ಬುಟ್ಟಿ. ಹೆಸರು ಮೇಡಂ ಲಿಮ್. ಅವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ಇದ್ದದ್ದು ಗುರುತಿನ ಪ್ರಮಾಣಪತ್ರ: ಯಾವ ದೇಶದ ಪೌರತ್ವವೂ ಇಲ್ಲದವರಿಗೆ, ಅವರು ವಾಸವಿರುವ ದೇಶ ಪ್ರಯಾಣಕ್ಕೆಂದು ಕೊಡುವ ಪುಸ್ತಿಕೆ. ಇಂಗ್ಲೆಂಡಿನ ವೀಸಾ ಅದರಲ್ಲೇ ಕ್ರಮವಾಗಿ ಒತ್ತಲ್ಪಟ್ಟಿತ್ತು. ಆದರೆ ಇಮಿಗ್ರೇಷನ್ ಚೀಟಿಯಲ್ಲಿ 'ರಾಷ್ಟ್ರೀಯತೆ' ಎಂಬ ಖಾನೆ ಇತ್ತು. ಅದು ತುಂಬದೆ ಚೀಟಿ ಇಲ್ಲ, ಚೀಟಿ ಇಲ್ಲದೆ ಹೋಟೆಲಿಲ್ಲ.

ಸ್ಟೇಷನ್ ಮ್ಯಾನೇಜರಿಗೆ ಫೋನ್ ಮಾಡಿದೆ. ಟ್ರಾನ್ಸಿಟ್ ಹಾಲಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ಯಾರನ್ನೂ ಇರಿಸಿಕೊಳ್ಳುವಂತಿಲ್ಲ ಎಂಬುದು ಅವರಿಗೂ ಗೊತ್ತಿತ್ತು. "ನಾಳೆ ಬೆಳಿಗ್ಗೆಯ ಸಿಂಗಾಪುರ ವಿಮಾನದಲ್ಲಿ ವಾಪಸ್ ಕಳಿಸಿ, ಖಲಾಸ್" ಎಂದರು. ನಮ್ಮ ಭಾಷೆಯಲ್ಲಿ ಇದಕ್ಕೆ 'ಇನ್ಯಾಡ್' ಎನ್ನುತ್ತೇವೆ, ಅಂದರೆ ಒಳಗೆ ಬಿಡಲಾಗದ ಪ್ರಯಾಣಿಕ. ಬಂದಲ್ಲಿಗೇ ಮರಳಿಸುವುದು ವಿಮಾನ ಸಂಸ್ಥೆಯ ಹೊಣೆ. ಮ್ಯಾನೇಜರು ನಿಯಮ ಬಿಟ್ಟು ಒಂದು ಮಾತನ್ನೂ ಆಡಿರಲಿಲ್ಲ.

ಮೇಡಂ ಲಿಮ್‌ಗೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದೆ. ಅವರು ಬುಟ್ಟಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಲಂಡನ್‌ನಲ್ಲಿ ಒಬ್ಬಳೇ ಮಗಳು, ಚೊಚ್ಚಲ ಹೆರಿಗೆ, ಮಗು ಹೊಟ್ಟೆಯೊಳಗೆ ಅಡ್ಡವಾಗಿದೆ ಎಂದು ವೈದ್ಯರು ಹೇಳಿದ್ದರು. ಇದೇ ವಾರ ದಿನ ತುಂಬುತ್ತದೆ. "ವಾಪಸ್ ಹೋದರೆ ಈ ವೀಸಾದ ಅವಧಿ ಮುಗಿದುಹೋಗುತ್ತದೆ, ಹೊಸದಕ್ಕೆ ತಿಂಗಳುಗಳು ಬೇಕು. ನನ್ನ ಮಗಳಿಗೆ ಅಲ್ಲಿ ಇನ್ನು ಯಾರೂ ಇಲ್ಲ" ಎಂದರು.

ಸುಧಾಕರ ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ಇಷ್ಟಕ್ಕೆಲ್ಲ ಎಂತಕ್ಕೆ ತಲೆಬಿಸಿ? ಮುಖ ನೋಡಿದ್ರೆ ಗೊತ್ತಾಗುದಿಲ್ವಾ? ಚೈನಾ ಅಂತ ಬರೆದು ಮುಗಿಸುವ."

ನನಗೂ ಅದು ಕೆಟ್ಟ ಉಪಾಯವೆಂದು ಅನಿಸಲಿಲ್ಲ. ಎರಡು ದಿನದ ಚೀಟಿ, ಆಮೇಲೆ ಕಸದ ಬುಟ್ಟಿಗೆ. ಆದರೆ ಚೀಟಿ ಮುಂದಿಟ್ಟು ಹಾಗೆ ಬರೆಯಿರಿ ಎಂದಾಗ ಮೇಡಂ ಲಿಮ್ ಪೆನ್ನನ್ನು ನನ್ನ ಕಡೆಗೇ ಸರಿಸಿದರು.

"ಬೇಡ. ನಾನು ಚೀನೀಯಳು, ಚೀನಾದವಳಲ್ಲ. ಒಂದು ಕಡೆ ಸರಕಾರಿ ಕಾಗದದಲ್ಲಿ ನನ್ನ ದೇಶ ಚೀನಾ ಅಂತ ಬಿದ್ದರೆ, ನಾಳೆ ನಮ್ಮಲ್ಲಿ 'ಹಾಗಾದರೆ ಅಲ್ಲಿಗೇ ಹೋಗು' ಅನ್ನುತ್ತಾರೆ. ನಾನು ಅದನ್ನು ನೋಡಿಯೂ ಇಲ್ಲ."

ಅಂಥ ಸ್ಥಿತಿಯಲ್ಲೂ ಮೊಮ್ಮಗುವಿಗಾಗಿ ಒಂದು ಸುಳ್ಳು ಬರೆಯಲು ಒಪ್ಪದ ಆ ಹಟ ಕಂಡು ನನಗೆ ಸಿಟ್ಟೂ ಬಂತು, ಗೌರವವೂ ಬಂತು. ನಮ್ಮ ಊರಿನವರು ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಪಕ್ಕದಲ್ಲಿ ಕುಳಿತವರನ್ನು ಕೇಳುವ ಪ್ರಶ್ನೆಯನ್ನೇ ಕೇಳಿದೆ: "ಆಂಟಿ, ನಿಮ್ಮ ನೇಟಿವ್ ಯಾವುದು?"

ಅವರು ಮೊದಲ ಬಾರಿಗೆ ನಕ್ಕರು. "ನೇಟಿವ್! ನಮ್ಮಲ್ಲಿ ನೇಟಿವ್ ಅಂದರೆ ಮೂಲನಿವಾಸಿಗಳು, ಮಲಯರು, ಡಯಾಕರು. ನಾನು ನೇಟಿವ್ ಅಲ್ಲ ಅನ್ನುವುದೇ ಅಲ್ಲವೇ ಗಲಾಟೆ?"

ನಾನು ಕೇಳಿದ್ದು ಊರು ಯಾವುದೆಂದು ಎಂದು ಬಿಡಿಸಿ ಹೇಳಿದೆ. ಆಗ ಅವರ ಮಾತಿಗೆ ಬಾಗಿಲು ತೆರೆಯಿತು. ಬೋರ್ನಿಯೋ ದ್ವೀಪದ ಸಮುದ್ರ ದಂಡೆಯ ಒಂದು ಎಣ್ಣೆ ಊರು. ಅಪ್ಪ ಫುಜಿಯಾನ್ ಪ್ರಾಂತ್ಯದಿಂದ ಬಡಗಿಯಾಗಿ ಬಂದವರು. ಮೊದಲ ಎಣ್ಣೆ ಬಾವಿಗಳಿಗೆ ಮರದ ಅಟ್ಟಣಿಗೆ ಕಟ್ಟಿದವರಲ್ಲಿ ಒಬ್ಬರು. ಈಕೆ ಹುಟ್ಟಿದ್ದು, ಸೂಲಗಿತ್ತಿ ತರಬೇತಿ ಪಡೆದದ್ದು, ಗಂಡನನ್ನು ಮಣ್ಣು ಮಾಡಿದ್ದು, ಎಲ್ಲ ಅಲ್ಲೇ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳಿಗೆ ಹಲಗೆಯ ಮೇಲೆ ನಡೆದು ಹೋಗಿ ಹೆರಿಗೆ ಮಾಡಿಸಿದವರು. ಬ್ರಿಟಿಷರ ಕಾಲದಲ್ಲಿ ಒಂದು ಬಗೆಯ ರಕ್ಷಣಾ ಪತ್ರ ಇತ್ತು. ಬಾವುಟ ಬದಲಾದಾಗ ಅದು ಬರೀ ಕಾಗದವಾಯಿತು. ಪೌರತ್ವಕ್ಕೆ ಮಲಯ್ ಭಾಷೆಯ ಪರೀಕ್ಷೆ ಇತ್ತು. ಬರೆದರು, ಕಾಡಿನ ಯಾವುದೋ ಗಿಡದ ಹೆಸರು ಗೊತ್ತಾಗದೆ ಫೇಲಾದರು.

"ಆ ಊರಲ್ಲಿ ನನ್ನ ಕೈಗೆ ಬಿದ್ದ ಮಲಯ್ ಮಕ್ಕಳಿಗೆಲ್ಲ ಈಗ ಪಾಸ್‌ಪೋರ್ಟ್ ಇದೆ. ಹೊರಡುವಾಗ ನಮ್ಮ ಏರ್‌ಪೋರ್ಟಿನಲ್ಲಿ ನನ್ನ ಪುಸ್ತಿಕೆಗೆ ಮುದ್ರೆ ಒತ್ತಿದ ಹುಡುಗನೂ ಅವರಲ್ಲಿ ಒಬ್ಬ" ಎಂದರು. ದೂರಿನ ಧ್ವನಿ ಇರಲಿಲ್ಲ.

ನಾವು ಮನೆಯಲ್ಲಿ ಕೊಂಕಣಿ ಆಡುವವರು. ಹಿರಿಯರು ಎಂದೋ ಗೋವೆಯಿಂದ ಬಂದರೆಂದು ಕೇಳಿದ್ದು ಬಿಟ್ಟರೆ ಗೋವೆಯಲ್ಲಿ ನಮಗೆ ಒಂದು ತೆಂಗಿನ ಮರವೂ ಇಲ್ಲ. ಚೀನೀಯಳು, ಚೀನಾದವಳಲ್ಲ ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇಮಿಗ್ರೇಷನ್ ಪಾಳಿಯ ಮುಖ್ಯಸ್ಥ ಸಯೀದ್ ಎಂಬ ಒಮಾನಿ ಅಧಿಕಾರಿ. ಮೂವತ್ತೈದರ ವಯಸ್ಸು, ಅಳೆದು ಮಾತಾಡುವ ಮನುಷ್ಯ. ಪುಸ್ತಿಕೆಯನ್ನು ತಿರುವಿ ಹಾಕಿ, "ಸೀನಿ ಅಲ್ಲವೇ? ಸೀನಿ ಎಂದು ಬರೆಯಿರಿ" ಎಂದರು. ಸೀನಿ ಎಂದರೆ ಅರಬ್ಬಿಯಲ್ಲಿ ಚೀನೀ. ಅವರು ಒಪ್ಪುವುದಿಲ್ಲ ಎಂದೆ. ಏಕೆ ಎಂದು ಕೇಳಿದರು.

ನನ್ನ ಅರಬ್ಬಿ ಎಂದರೆ ಗಲ್ಫಿನಲ್ಲಿ ನಾವೆಲ್ಲ ಆಡುವ ಒಡಕು ಅರಬ್ಬಿ. 'ಫೀ' ಎಂದರೆ ಉಂಟು, 'ಮಾಫಿ' ಎಂದರೆ ಇಲ್ಲ, ಈ ಎರಡರಲ್ಲೇ ಸಂಸಾರ ಸಾಗಿಸುವುದು. 'ಬಲದ್' ಎಂಬುದು ಇನ್ನೊಂದು ದಿನಬಳಕೆಯ ಮಾತು. ಅದು ದೇಶವೂ ಹೌದು, ಊರೂ ಹೌದು. ರಜೆಯಲ್ಲಿ ಮಂಗಳೂರಿಗೆ ಹೊರಟರೆ ಬಲದ್‌ಗೆ ಹೋಗುವುದು ಎನ್ನುತ್ತೇವೆ. ಖಾನೆಯಲ್ಲಿ ಇದ್ದ ಶಬ್ದ ಅದಲ್ಲ, 'ಜಿನ್ಸಿಯಾ', ಪೌರತ್ವ. ಇಂಗ್ಲಿಷಿನಲ್ಲಿ ಹೇಳಬಹುದಾಗಿದ್ದದ್ದು ಗಡಿಬಿಡಿಯಲ್ಲಿ ಒಡಕು ಅರಬ್ಬಿಯಲ್ಲೇ ಬಂತು.

"ಬಲದ್ ಫೀ, ಜಿನ್ಸಿಯಾ ಮಾಫಿ."

ಸಯೀದ್ ತಲೆ ಎತ್ತಿದರು. ತಪ್ಪಾಡಿದೆನೇನೋ ಎಂದುಕೊಂಡೆ. ಅವರು ಪುಸ್ತಿಕೆ ಮುಚ್ಚಿಟ್ಟು ಇಂಗ್ಲಿಷಿನಲ್ಲಿ ಹೇಳಿದರು: "ನನ್ನದು ತಿರುಗಾಮುರುಗಾ. ನಾನು ಹುಟ್ಟಿದ್ದು ಝಾಂಜಿಬಾರ್‌ನಲ್ಲಿ. ಇಲ್ಲಿಗೆ ಬಂದಾಗ ನನ್ನ ಅರಬ್ಬಿ ನಿಮ್ಮದಕ್ಕಿಂತ ಕೆಟ್ಟದಿತ್ತು ಮೇಡಂ ಐರಿನ್. ಅಜ್ಜನ ಕುಲ ಯಾವುದೆಂದು ಕೇಳಿದರು. ಹೇಳಿದೆ, ಪಾಸ್‌ಪೋರ್ಟ್ ಕೊಟ್ಟರು. ಜಿನ್ಸಿಯಾ ಫೀ. ಬಲದ್ ಅಲ್ಲೇ ಉಳಿಯಿತು."

ಆಫ್ರಿಕದ ಆ ದ್ವೀಪದಲ್ಲಿ ತಲೆಮಾರುಗಳಿಂದ ಇದ್ದ ಒಮಾನಿ ಕುಟುಂಬಗಳು ಅಲ್ಲಿನ ಕ್ರಾಂತಿಯ ನಂತರ ಚದುರಿ, ಎಪ್ಪತ್ತರ ದಶಕದಲ್ಲಿ ಮರಳಿ ಬಂದದ್ದು ನನಗೆ ಗೊತ್ತಿತ್ತು. ಸಯೀದರೂ ಆ ಪೈಕಿ ಒಬ್ಬರೆಂದು ಗೊತ್ತಿರಲಿಲ್ಲ.

"ಇವರಿಗೆ ವಿಮಾನ ಸಂಸ್ಥೆಯ ಜಾಮೀನು ಸಾಲದು. ಒಬ್ಬ ಒಮಾನಿ ಮನುಷ್ಯ ಬೇಕು. ಕಫೀಲ್ ಯಾರು?"

"ನನಗೇ ಒಬ್ಬ ಕಫೀಲ್ ಬೇಕು ಸರ್. ನಾನು ಯಾರಿಗೆ ಆಗಲಿ?"

ಅವರು ಮೇಲಧಿಕಾರಿಗೆ ಫೋನ್ ಮಾಡಿದರು. ಸಾಕಷ್ಟು ಹೊತ್ತು ಮಾತಾಯಿತು. ಆ ಕಡೆಯವರು ಬೇಗ ಒಪ್ಪಿದಂತೆ ಕಾಣಲಿಲ್ಲ. ಕೊನೆಗೆ ಫೋನಿಟ್ಟು, ಚೀಟಿಯ ಆ ಖಾನೆಯನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಕಫೀಲ್ ಎಂದು ತಮ್ಮದೇ ಸಹಿ ಹಾಕಿದರು. "ಹೋಟೆಲು ಬೇಡ. ಸೀಬ್‌ನಲ್ಲಿ ನಮ್ಮ ಮನೆ. ನನ್ನ ತಾಯಿ ಇದ್ದಾರೆ. ಯಲ್ಲಾ, ಹೊರಡಿ, ಕರೆದುಕೊಂಡು ಬನ್ನಿ."

ಮ್ಯಾನೇಜರಿಗೆ ತಿಳಿಸಿದಾಗ, "ನಿಮ್ಮ ಜವಾಬ್ದಾರಿ" ಎಂದರು. ಸುಧಾಕರ ಮಾತ್ರ ಬುಟ್ಟಿ ಹೊತ್ತುಕೊಂಡು ಮುಂದೆ ನಡೆದ.

ಮರುದಿನ ಸಂಜೆ ಡ್ಯೂಟಿ ಮುಗಿಸಿ ನೋಡಲು ಹೋದೆ. ಸಮಾನ ಭಾಷೆಯಿಲ್ಲದ ಇಬ್ಬರು ಮುದುಕಿಯರು ಮುಖ ಮುಖ ನೋಡುತ್ತ ಕುಳಿತಿರುತ್ತಾರೆಂದು ಎಣಿಸಿದ್ದೆ. ಬಾಗಿಲಿಗೇ ನಗು ಕೇಳಿಸಿತು. ಝಾಂಜಿಬಾರ್‌ನ ಸ್ವಾಹಿಲಿಯಲ್ಲಿ ಕ್ಷೇಮ ಕೇಳುವುದು 'ಹಬಾರಿ?' ಎಂದು. ಮಲಯ್ ಭಾಷೆಯಲ್ಲಿ 'ಆಪಾ ಖಬರ್?' ನಮ್ಮ ಕೊಂಕಣಿಯಲ್ಲೂ ಖಬರ್ ಎಂದರೆ ಸುದ್ದಿಯೇ. ಮಲಯ್‌ನ ಸಾಬೂನ್, ಸ್ವಾಹಿಲಿಯ ಸಬೂನಿ, ನಮ್ಮ ಸಾಬೂನು. ನಮ್ಮ ಮೂವರ ಊರುಗಳ ನಡುವಿನ ಕಡಲಿನ ಸುತ್ತ ಹಾಯಿ ಹಡಗುಗಳು ಇಳಿಸಿ ಹೋದ ಸಾಮಾನು ಇವು; ಇಬ್ಬರೂ ಅವನ್ನೇ ಒಂದೊಂದಾಗಿ ಹೆಕ್ಕಿ ನಗುತ್ತಿದ್ದರು. ಸಾಬೂನಿನ ಮಾತು ಬಂದದ್ದಕ್ಕೆ ಕಾರಣ ಇತ್ತು. ಸಯೀದರ ತಂಗಿ ಬಸುರಿ. ಮೇಡಂ ಲಿಮ್ ಕೈ ತೊಳೆದುಕೊಂಡು ಬಂದು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟರು, ಕಣ್ಣು ಮುಚ್ಚಿ ಮೆಲ್ಲನೆ ಒತ್ತಿ ನೋಡಿದರು. ಆಮೇಲೆ ಬೆರಳು ಕೆಳಗೆ ತೋರಿಸಿ, ತಲೆ ಸರಿಯಾಗಿ ಇಳಿದಿದೆ ಎಂದು ಸನ್ನೆ ಮಾಡಿದರು. ಆ ಮನೆಯಲ್ಲಿ ಅವರ ಜಿನ್ಸಿಯಾ ಯಾವುದೆಂದು ಯಾರೂ ಕೇಳಲಿಲ್ಲ.

ಮೂರನೆಯ ದಿನ ವಿಮಾನ ಹೊರಟಿತು. ಸಯೀದರ ತಾಯಿ ಕೊಟ್ಟ ಹಲ್ವಾ ಬುಟ್ಟಿಯಲ್ಲಿತ್ತು. ಮೂರು ವಾರದ ನಂತರ ಆಫೀಸಿನ ವಿಳಾಸಕ್ಕೆ ಒಂದು ಪೋಸ್ಟ್‌ಕಾರ್ಡ್ ಬಂತು: 'ಹೆಣ್ಣು. ಆಪರೇಷನ್ ಆಯಿತು, ಇಬ್ಬರೂ ಕ್ಷೇಮ. ಮೊದಲ ಸ್ನಾನ ನಾನೇ ಮಾಡಿಸಿದೆ. ಸೀಬ್‌ನ ಅಮ್ಮನಿಗೆ ಖಬರ್ ಬಾಯ್ಕ್ ಎಂದು ಹೇಳಿ.' ಸುದ್ದಿ ಒಳ್ಳೆಯದು ಎಂದರ್ಥ. ಕಾರ್ಡನ್ನು ತೆಗೆದುಕೊಂಡು ಹೋಗಿ ಓದಿ ಹೇಳಿದೆ. ಆ ತಾಯಿಗೆ ಖಬರ್ ಎಂಬಲ್ಲಿಗೇ ಅರ್ಥವಾಗಿ ಕಣ್ಣು ತುಂಬಿತು. ನನಗೂ ತುಂಬಿತು, ಅದನ್ನು ಮುಚ್ಚಿಡುವುದೇಕೆ.

ಆಮೇಲೆ ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಹೇಳುತ್ತಿದ್ದೆ: ನಿಯಮ ಮುರಿಯಬೇಡಿ, ಆದರೆ ಖಾನೆ ತುಂಬದ ಮನುಷ್ಯರು ಸಿಕ್ಕಿದಾಗ ಅವರನ್ನು ಖಾನೆಗೆ ತುರುಕಲೂ ಬೇಡಿ. ಮೊದಲು ಊರು ಕೇಳಿ. ದಾರಿ ಅಲ್ಲಿಂದ ಸಿಗಬಹುದು. ಒಂದೊಂದು ಸಲ ಸಿಗದೆಯೂ ಹೋಯಿತು.

1999ರಲ್ಲಿ ನಿವೃತ್ತಳಾಗಿ, ವೀಸಾ ರದ್ದು ಮಾಡಿಸಿ ಹೊರಟೆ. ಮಕ್ಕಳು ಹುಟ್ಟಿದ್ದು, ಶಾಲೆ ಕಲಿತದ್ದು, ನನ್ನ ಗಂಡ ಕೊನೆಯುಸಿರೆಳೆದದ್ದು ಎಲ್ಲ ಸೀಬ್‌ನಲ್ಲೇ. ಕೌಂಟರಿನಲ್ಲಿ ಇದ್ದ ತರುಣ ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿ, ನಮ್ಮಂಥವರೊಡನೆ ಅವರು ಆಡುವ ಒಡಕು ಅರಬ್ಬಿಯಲ್ಲಿ ಪ್ರೀತಿಯಿಂದಲೇ ಕೇಳಿದ, "ಖಲಾಸ್? ಬಲದ್ ರೂಹ್?" ಮುಗಿಯಿತೇ, ಊರಿಗೆ ಹೊರಟಿರೇ ಎಂದು.

ಹೌದು ಎನ್ನಲು ಬಾಯಿ ತೆರೆದೆ, ಬಂದದ್ದು ಅಂದು ಸಯೀದ್ ಆಡಿದ ಮಾತು.

"ಜಿನ್ಸಿಯಾ ಫೀ" ಎಂದೆ. ಹುಡುಗ ಅರ್ಥವಾಗದೆ ನಕ್ಕು, ಮುದ್ರೆ ಒತ್ತಿದ.